ಸಂಘದ ಇತಿಹಾಸ, ಎರಡು ಪುಟ

ಬೆಳಿಗ್ಗೆಯಿಂದ ರಾಜರತ್ನನಿಗೆ ಬರೆಯಲಾದದ್ದು ಒಂದೇ ವಾಕ್ಯ. 'ಕಾಗಿಣಾ ಗ್ರಂಥಾಲಯ ತಂತ್ರಜ್ಞಾನ ಸಂಘವು ೨೦೦೧ನೇ ಇಸವಿಯಲ್ಲಿ ಸ್ಥಾಪನೆಯಾಯಿತು.' ಬರೆದ ಮೇಲೆ ಆ 'ಸ್ಥಾಪನೆಯಾಯಿತು' ಅನ್ನುವ ಶಬ್ದ ಬೇಡವೆನಿಸಿತು. ಯಾರೂ ಏನೂ ಮಾಡದೆ, ಗೋಡೆಯ ಮೇಲೆ ತೇವ ಕಾಣಿಸಿಕೊಂಡ ಹಾಗೆ ಸಂಘ ತಾನಾಗಿಯೇ ಆಗಿಬಿಟ್ಟಿತು ಅನ್ನುವಂತಿತ್ತು ಅದು. 'ಸ್ಥಾಪಿಸಲಾಯಿತು' ಎಂದು ತಿದ್ದಿದ. ಅದರೊಳಗೂ ಮನುಷ್ಯರಿರಲಿಲ್ಲ. 'ಸ್ಥಾಪಿಸಿದರು' ಎಂದರೆ ಯಾರು ಎಂದು ಹೇಳಬೇಕಾಗುತ್ತದೆ. ಪೆನ್ನಿನ ಮುಚ್ಚಳ ಹಾಕಿ ಫ್ಯಾನಿನ ಕಡೆ ನೋಡಿದ. ಚಿತ್ತಾಪುರದ ಈ ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ಅವನು ಕೂತು ಮೂವತ್ತೊಂದು ವರ್ಷ, ನಿವೃತ್ತಿಗೆ ಇನ್ನು ಐದು ತಿಂಗಳು. ಎದುರಿನ ಉದ್ದ ಮೇಜಿನ ಸುತ್ತ ಪೊಲೀಸ್ ಪರೀಕ್ಷೆಗೆ ತಯಾರಾಗುವ ಏಳೆಂಟು ಹುಡುಗಿಯರು ತಾವೇ ತಂದುಕೊಂಡ ಗೈಡುಗಳನ್ನು ಓದುತ್ತಿದ್ದರು. ಅವರು ಬರುವುದು ಫ್ಯಾನಿಗಾಗಿ, ಮನೆಯಲ್ಲಿ ಸಿಗದ ನಿಶ್ಶಬ್ದಕ್ಕಾಗಿ. ಕಪಾಟುಗಳ ಕಡೆ ಹೋಗುವವರು ಯಾರೂ ಇಲ್ಲ. ಅದಕ್ಕೆ ಅವನಿಗೆ ಬೇಸರವೂ ಆಗುತ್ತಿರಲಿಲ್ಲ ಈಗ. ಬೇಸರಕ್ಕೂ ಒಂದು ತಾಕತ್ತು ಬೇಕು.

ನಿನ್ನೆ ಅಜಯಕುಮಾರ ಫೋನು ಮಾಡಿದ್ದ. ಸಂಘದ ಈಗಿನ ಕಾರ್ಯದರ್ಶಿ ಅವನೇ. ಸೇಡಂನಲ್ಲಿ ಗ್ರಂಥಪಾಲಕ, ಪಿಎಚ್‌ಡಿ ಮಾಡಿಕೊಂಡವನು, ಮಾತಿನಲ್ಲಿ ಮರ್ಯಾದೆ ಇರುವವನು. "ಸರ್, ಬೆಳ್ಳಿಹಬ್ಬದ ಸಂಚಿಕಿ ಪ್ರೆಸ್ಸಿಗಿ ಹೋಗ್ಲಿಕತ್ತದ್ರಿ. ನಿಮ್ದೊಂದೇ ಬಾಕಿ. ಒಂದು ಪುಟ ಇತಿಹಾಸ, ಒಂದು ಪುಟ ಉದ್ದೇಶ. ನಿಮಗೇನ್ರಿ, ಕಣ್ಣು ಮುಚ್ಚಿ ಬರೀತೀರಿ," ಅಂದಿದ್ದ. ಕಣ್ಣು ಮುಚ್ಚಿದರೆ ರಾಜರತ್ನನಿಗೆ ಕಾಣುವುದು ವಾಡಿ ಜಂಕ್ಷನ್ನಿನ ಮೂರನೇ ಪ್ಲಾಟ್‌ಫಾರ್ಮಿನ ತುದಿ, ಬೇವಿನ ಗಿಡದ ಕೆಳಗಿನ ಕಲ್ಲು ಬೆಂಚು. ೨೦೦೧ರಲ್ಲಿ ಸುತ್ತಲಿನ ಐದು ಊರಿನ ಗ್ರಂಥಾಲಯಗಳಿಗೆ ಒಂದೊಂದು ಕಂಪ್ಯೂಟರು ಬಂದು ಕೂತಿದ್ದವು. ಚಿತ್ತಾಪುರದ್ದಕ್ಕೆ ಪ್ರಾಚಾರ್ಯರು ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿ ಜರಿಯ ಬಟ್ಟೆ ಹೊದಿಸಿದ್ದರು. ಆ ಬಟ್ಟೆಯನ್ನು ತೆಗೆಯಲು ಆರು ತಿಂಗಳು ಯಾರಿಗೂ ಧೈರ್ಯ ಬರಲಿಲ್ಲ. ಸೇಡಂನ ಗುರುಲಿಂಗಯ್ಯ, ಚಿಂಚೋಳಿಯ ಮತೀನ, ವಾಡಿಯ ಸುಮಂಗಲಾ, ಚಿತ್ತಾಪುರದಿಂದ ತಾನು, ಎಲ್ಲರದ್ದೂ ಅದೇ ಪಾಡು. ಯಾವ ದಿಕ್ಕಿನಿಂದ ಹೊರಟರೂ ವಾಡಿಗೆ ಒಂದು ಗಾಡಿ ಇರುತ್ತದೆ ಎಂದು ಪ್ರತಿ ತಿಂಗಳ ಎರಡನೇ ಭಾನುವಾರ ಅಲ್ಲಿ ಸೇರತೊಡಗಿದರು. ಚಿಂಚೋಳಿಗೆ ರೈಲಿಲ್ಲ. ಮತೀನ ಬಸ್ಸಿನಲ್ಲಿ ಸೇಡಂಗೆ ಬಂದು ಅಲ್ಲಿಂದ ಪ್ಯಾಸೆಂಜರು ಹತ್ತುತ್ತಿದ್ದ, ಬರುವಷ್ಟರಲ್ಲಿ ಅರ್ಧ ಮಾತು ಮುಗಿದಿರುತ್ತಿತ್ತು. ಐದನೆಯವನಾಗಿ ಶಹಾಬಾದಿನಿಂದ ಬಂದವನು ಜಟ್ಟೆಪ್ಪ.

ಜಟ್ಟೆಪ್ಪ ಗ್ರಂಥಪಾಲಕನಲ್ಲ. ಒಂದು ಕಾರ್ಖಾನೆಯ ಆಫೀಸಿನಲ್ಲಿ ಜವಾನನಾಗಿದ್ದವನು. ಕಾರ್ಖಾನೆ ಮುಚ್ಚಿದಾಗ ಅದರ ಕಾರ್ಮಿಕರ ವಾಚನಾಲಯ ಹೇಗೋ ಉಳಿಯಿತು. ಆಫೀಸಿನ ಹಳೆಯ ಕಂಪ್ಯೂಟರನ್ನೂ ಜಟ್ಟೆಪ್ಪನನ್ನೂ ಒಟ್ಟಿಗೆ ಅಲ್ಲಿಗೆ ಸಾಗಿಸಿದ್ದರು. ಹತ್ತನೇ ಇಯತ್ತೆ ಪಾಸಾಗದವನು. ಕಾಗಿಣಾ ದಂಡೆಯ ಹಳ್ಳಿಯ ಮನೆತನ, ಅಪ್ಪ ಅಜ್ಜ ಹರಿಗೋಲು ಹಾಕಿದವರು. ಅವನಿಗೆ ಎಲ್ಲರೂ 'ನೀನು' ಎನ್ನುತ್ತಿದ್ದರು. ಎಂಟು ವರ್ಷ ಕಿರಿಯನಾದ ರಾಜರತ್ನನೂ ಹಾಗೇ ಅನ್ನುತ್ತಿದ್ದ, ಹಾಗೆ ಅನ್ನುತ್ತಿದ್ದೇನೆ ಎಂಬ ಅರಿವು ಬಂದಾಗಲೂ ತಿದ್ದಿಕೊಂಡಿರಲಿಲ್ಲ. ಆ ಕಾಲದ ತೊಂದರೆ ಇವತ್ತಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಸೇಡಂನ ಯಂತ್ರದಲ್ಲಿ ಟೈಪು ಮಾಡಿದ ಕನ್ನಡ ಪುಸ್ತಕದ ಹೆಸರು ಚಿತ್ತಾಪುರದ ಯಂತ್ರದಲ್ಲಿ ತೆರೆದರೆ ಚುಕ್ಕಿ, ಕೊಕ್ಕೆ, ಅರ್ಧಚಂದ್ರಗಳಾಗುತ್ತಿತ್ತು. ಒಬ್ಬೊಬ್ಬರ ಸಾಫ್ಟ್‌ವೇರು ಒಂದೊಂದು. ಗುರುಲಿಂಗಯ್ಯ ಫ್ಲಾಪಿಯನ್ನು ಕೈಯಲ್ಲಿ ತಿರುಗಿಸುತ್ತಾ, ಕನ್ನಡಕ್ಕೆ ಇದು ಒಗ್ಗುವುದಿಲ್ಲ, ಬಿಟ್ಟುಬಿಡೋಣ ಎಂದಿದ್ದರು. ಬೆಂಚಿನ ತುದಿಗೆ ಕೂತಿದ್ದ ಜಟ್ಟೆಪ್ಪ ಮೊದಲ ಸಲ ಬಾಯಿ ಬಿಟ್ಟದ್ದು ಆಗ. "ಅಕ್ಷರ ಸತ್ತಿಲ್ರಿ. ಬ್ಯಾರೆ ಬ್ಯಾರೆ ಮನಿಯಾಗ ಕುಂತಾವ. ಯಾವ ಅಕ್ಷರ ಯಾವ ಮನಿಯಾಗ ಅದ ಅಂತ ನಂಬರ್ ಬರ್ಕೊಂಡ್ರ ಸಿಗ್ತಾವ." ಎಂಟು ತಿಂಗಳು ಅವನು ಅದನ್ನೇ ಮಾಡಿದ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಐದು ಯಂತ್ರಕ್ಕೆ ಐದು ಕಾಲಮು, ಒಂದೊಂದು ಒತ್ತಕ್ಷರಕ್ಕೂ ಒಂದೊಂದು ಸಾಲು. ಅರ್ಕಾವತ್ತು ಅವನನ್ನು ಒಂದು ತಿಂಗಳು ಕಾಡಿತು. ಆ ನೋಟ್‌ಬುಕ್ಕಿನ ಮೇಲೆ ನಿಂತು ಐದು ಊರಿನ ಹನ್ನೊಂದು ಸಾವಿರ ಪುಸ್ತಕಗಳು ಒಂದೇ ಪಟ್ಟಿಯಾದವು. ಯಾತಕ್ಕೆ ಇಷ್ಟೆಲ್ಲ ಎಂದು ಸುಮಂಗಲಾ ಒಮ್ಮೆ ದಣಿದು ಕೇಳಿದಾಗಲೂ ಉತ್ತರ ಕೊಟ್ಟವನು ಅವನೇ: "ಚಿಂಚೋಳಿಯಾಗ ಒಬ್ರು ಬಂದು ಒಂದು ಬುಕ್ಕು ಕೇಳ್ತಾರ. ಅಲ್ಲಿಲ್ಲ. ಇಲ್ಲ ಅಂತ ಕಳಸಬಾರ್ದು. ವಾಡಿಯಾಗ ಅದ, ಹೋಗ್ರಿ ಅನಬೇಕು. ಅಷ್ಟರಿ." ಮುಂದೆ ಸಂಘದ ನಿಯಮಾವಳಿಯಲ್ಲಿ ಇದೇ ಮಾತು 'ಪ್ರಾದೇಶಿಕ ಸಂಪನ್ಮೂಲ ಹಂಚಿಕೆ' ಎಂದಾಯಿತು. ಹಾಗೆ ಮಾಡಿ ಬರೆದವನು ರಾಜರತ್ನ.

ಎಷ್ಟೋ ವರ್ಷ ಅವನು ತನ್ನನ್ನು ಒಳ್ಳೆಯವನೆಂದು ನಂಬಿಕೊಂಡಿದ್ದ. ನಂಬಲು ಕಾರಣವಿತ್ತು. ರಾವೂರಿನ ಕಲ್ಲುಗಣಿಯಲ್ಲಿ ಬಂಡೆ ಒಡೆಯುತ್ತಿದ್ದ ಅಪ್ಪ ಜಗದೇವಪ್ಪ ತಾನಾಗಿ ಅಕ್ಷರ ಕಲಿತವನು. ಸಂಜೆ ಚಾವಡಿಯ ವಾಚನಾಲಯಕ್ಕೆ ಹೋಗಿ, ಒಳಗೆ ಹೋಗದೆ, ಕಿಟಕಿಯ ಹೊರಗೆ ನಿಂತು ಮೇಜಿನ ಮೇಲೆ ಹಾಸಿದ ಪತ್ರಿಕೆ ಓದುತ್ತಿದ್ದ. ಒಳಗೆ ಕೂತವರು ಅವನು ಓದಿ ಮುಗಿಸುವ ಮೊದಲೇ ಪುಟ ತಿರುಗಿಸಿಬಿಡುತ್ತಿದ್ದರು. ಅಪ್ಪ ಏನೂ ಅನ್ನದೆ ಹೊಸ ಪುಟದ ಮೇಲಿನಿಂದ ಶುರುಮಾಡುತ್ತಿದ್ದ. ಅಪ್ಪನ ಬೆರಳು ಹಿಡಿದು ನಿಂತಿದ್ದ ತಾನು ಗ್ರಂಥಪಾಲಕನಾಗಿದ್ದೇನೆ, ತನ್ನಿಂದ ಯಾರೂ ಹೊರಗೆ ನಿಲ್ಲುವಂತಾಗಲಿಲ್ಲ ಎಂದು ಅವನು ಭಾಷಣಗಳಲ್ಲಿ ಹೇಳಿದ್ದುಂಟು. ಸಂಘವನ್ನು ನೋಂದಾಯಿಸಬೇಕೆಂದು ೨೦೦೬ರಲ್ಲಿ ವಾಡಿಯ ಅದೇ ಬೆಂಚಿನಲ್ಲಿ ನಿಯಮಾವಳಿ ಓದಿದವನೂ ತಾನೇ ಅಲ್ಲವೇ? ಗುರುಲಿಂಗಯ್ಯ, "ಜಟ್ಟೆಪ್ಪ, ಜರಾ ಚಾ ತಗೊಂಡು ಬಾ," ಎಂದರು. ಅವನು ಎದ್ದು ಒಂದನೇ ಪ್ಲಾಟ್‌ಫಾರ್ಮಿನ ಕ್ಯಾಂಟೀನಿಗೆ ಸೇತುವೆ ಹತ್ತಿ ಹೋದ. ಅವನ ಬೆನ್ನು ಸೇತುವೆಯ ಮೇಲೆ ಕಾಣುತ್ತಿರುವಾಗಲೇ ರಾಜರತ್ನ ನಾಲ್ಕನೇ ಕಲಮು ಓದಿದ: ಗ್ರಂಥಾಲಯ ವಿಜ್ಞಾನದಲ್ಲಿ ಪದವಿ ಪಡೆದವರು ಮಾತ್ರ ಸದಸ್ಯರಾಗತಕ್ಕದ್ದು. ಯಾರೂ ತಲೆಯೆತ್ತಲಿಲ್ಲ. ಸುಮಂಗಲಾ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಐದು ಲೋಟ ಚಹಾ ಹಿಡಿದು ಜಟ್ಟೆಪ್ಪ ಬರುವ ಹೊತ್ತಿಗೆ ಏಳನೇ ಕಲಮು ನಡೆದಿತ್ತು. ಅವನು ತನ್ನ ಲೋಟ ಹಿಡಿದು ಬೆಂಚಿನ ತುದಿಗೆ ಕೂತು ಲಕ್ಷ್ಯಕೊಟ್ಟು ಕೇಳಿದ, ತನ್ನದೂ ಅನ್ನುವ ಹಾಗೆ. ನಾಲ್ಕನೆಯದನ್ನು ಇನ್ನೊಮ್ಮೆ ಓದಬಹುದಿತ್ತು. ಚಹಾ ಬಿಸಿಯಿತ್ತು. ಎಲ್ಲರೂ ಊದಿ ಊದಿ ಕುಡಿದರು.

ಮುಂದಿನ ತಿಂಗಳಿಂದ ಸಭೆ ಸೇಡಂಗೆ ಹೋಯಿತು. ಗುರುಲಿಂಗಯ್ಯನವರ ಕಾಲೇಜಿನ ಕೋಣೆಯಲ್ಲಿ ಫ್ಯಾನಿತ್ತು, ಗೋಡೆಗೆ ಬ್ಯಾನರು ಕಟ್ಟಬಹುದಿತ್ತು. ಜಟ್ಟೆಪ್ಪನಿಗೆ ಯಾರು ಹೇಳುತ್ತಾರೆ ಎಂಬ ಮಾತು ಬರಲಿಲ್ಲ. ಮತೀನ ಹೇಳಿರುತ್ತಾನೆ ಎಂದು ಸುಮಂಗಲಾ, ರಾಜರತ್ನ ಹೇಳಿರುತ್ತಾನೆ ಎಂದು ಮತೀನ ಅಂದುಕೊಂಡಿದ್ದಿರಬಹುದು. ಮೂರನೆಯ ಸಭೆಯ ದಿನ ರಾಜರತ್ನ ಹೆಂಡತಿಯ ತವರಾದ ಕಲಬುರಗಿಯಿಂದ ನೇರ ಸೇಡಂಗೆ ಹೊರಟಿದ್ದ. ಗಾಡಿ ವಾಡಿಯಲ್ಲಿ ನಿಂತಿತು. ಕಿಟಕಿಯಿಂದ ನೋಡಿದರೆ ಬೇವಿನ ಕೆಳಗೆ ಬೆಂಚಿನ ಮೇಲೆ ಜಟ್ಟೆಪ್ಪ ಒಬ್ಬನೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ನೋಟ್‌ಬುಕ್ಕಿದ್ದ ಕೈಚೀಲ. ಬಂದ ಗಾಡಿಯಿಂದ ಇಳಿಯುವವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದ. ಅದೇ ಗಾಡಿ ಸೇಡಂಗೆ ಹೋಗುತ್ತಿತ್ತು. 'ಹತ್ತು' ಅಂದರೆ ಸಾಕಿತ್ತು. ರಾಜರತ್ನ ಕುತ್ತಿಗೆ ಹಿಂದಕ್ಕೆಳೆದುಕೊಂಡು ಪಕ್ಕದವನ ಭುಜದ ಮರೆಗೆ ಸರಿದ. ಗಾಡಿ ಬಿಡಲೇ ಇಲ್ಲ. ಆ ಹತ್ತು ನಿಮಿಷ ಅವನು ಎದುರಿನ ಸೀಟಿನ ಮುದುಕಿ ಶೇಂಗಾ ಸುಲಿಯುವುದನ್ನು ನೋಡುತ್ತಾ ಕೂತ. ಆಮೇಲೆ ಎಷ್ಟೋ ಸಲ ಅದೇ ಹಳಿಯ ಮೇಲೆ ಹೋಗಿದ್ದಾನೆ. ವಾಡಿ ಹತ್ತಿರ ಬಂದರೆ ಇವತ್ತಿಗೂ ಅವನಿಗೆ ನಿದ್ದೆ ಬರುತ್ತದೆ, ಅಥವಾ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಮರುವರ್ಷ ಬೀದರಿನ ವಿಚಾರ ಸಂಕಿರಣದಲ್ಲಿ ಜಟ್ಟೆಪ್ಪನ ಆ ಅಕ್ಷರಪಟ್ಟಿಯನ್ನು ಮಂಡಿಸಿದ. 'ಸಂಘದ ಪರವಾಗಿ' ಎಂದು ಮೇಲೆ ಬರೆದಿದ್ದ, ಕೆಳಗೆ ತನ್ನ ಹೆಸರು. ಸಂಘದ ಪರವಾಗಿ ಅನ್ನುವುದು ಸುಳ್ಳಾಗಿರಲಿಲ್ಲ.

"ಎರಡು ಪುಟ ಬರೀಲಿಕ್ಕಿ ವಾರ ಬೇಕೇನ್ರಿ?" ಎಂದಳು ಹೆಂಡತಿ ದ್ರೌಪದಿ ರವಿವಾರ ಬೆಳಿಗ್ಗೆ, ಅವನ ಮುಂದೆ ತಟ್ಟೆ ಇಡುತ್ತಾ.

"ಶಹಾಬಾದಿಗಿ ಹೋಗಿ ಬರ್ತೀನಿ."

"ಅಲ್ಲೇನದ?"

"ಜಟ್ಟೆಪ್ಪ ಅದಾನ."

ಅವಳು ಅವನ ಮುಖವನ್ನೇ ನೋಡಿದಳು. "ಇಪ್ಪತ್ತು ವರ್ಷ ಹೋಗ್ಲಿಲ್ಲ. ಈಗ ಬರೀಲಿಕ್ಕಿ ಬೇಕಾಗ್ಯಾನಂತ ಹೊಂಟೀರೇನು?" ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ವಿಚಾರಿಸುವ ಧಾಟಿ. ಅವನು ರೊಟ್ಟಿ ಮುರಿದ. ಹೌದೋ ಅಲ್ಲವೋ ಅವನಿಗೇ ಗೊತ್ತಿರಲಿಲ್ಲ. ನೋಡಿ ಬರಬೇಕೆನಿಸಿತ್ತು, ಕ್ಷಮೆ ಕೇಳಬೇಕೆನಿಸಿತ್ತು, ಅವನು ಸತ್ತಿದ್ದರೆ ಬರೆಯುವುದು ಸಲೀಸಾಗುತ್ತಿತ್ತು ಎಂದೂ ಒಂದು ಗಳಿಗೆ ಅನಿಸಿ ಹೋಗಿತ್ತು. ಆ ಕೊನೆಯದು ನೆನಪಾಗಿ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಮನೆ ಸಿಕ್ಕಿತು. ಹಳೆಯ ಕಾರ್ಮಿಕರ ಕಾಲೊನಿಯ ಹಿಂದೆ, ಎರಡು ಕೋಣೆ, ನೆಲಕ್ಕೂ ಕಟ್ಟೆಗೂ ಅಂಗಳದ ಗೋಡೆಗೂ ಅದೇ ಬೂದು ಫರಸಿ ಕಲ್ಲು. ಜಟ್ಟೆಪ್ಪನ ಹೆಂಡತಿ ಮಾಣಿಕಮ್ಮ ಬಾಗಿಲಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಹೆಸರು ಹೇಳಿದ ಮೇಲೆ, "ವಾಡಿ ಸರ್ ಏನ್ರಿ?" ಎಂದಳು. ಅವನ ಹೆಸರಿಗೆ ಆ ಮನೆಯಲ್ಲಿ ಆ ಊರೇ ಅಂಟಿಕೊಂಡಿತ್ತು. ಜಟ್ಟೆಪ್ಪ ಒಳಗಿನಿಂದ ಬಂದ. ಅರವತ್ತೇಳಾದರೂ ಬೆನ್ನು ನೆಟ್ಟಗಿತ್ತು, ಕೂದಲು ಪೂರ್ತಿ ಬಿಳಿ. "ಬರ್ರಿ, ಕುಂದ್ರಿ," ಎಂದು ಚಾಪೆ ಹಾಸಿದ, ಆಮೇಲೆ ಏನೋ ನೆನಪಾದವನಂತೆ ಚಾಪೆ ಸುತ್ತಿಟ್ಟು ಪ್ಲಾಸ್ಟಿಕ್ಕಿನ ಕುರ್ಚಿ ತಂದ. ಬಸ್ ಸ್ಟ್ಯಾಂಡಿನ ಹತ್ತಿರ ಶಾಕೀರನ ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತಾನಂತೆ. ವೃದ್ಧಾಪ್ಯ ವೇತನ, ಪಹಣಿ ತಿದ್ದುಪಡಿ, ಶಾಲೆಯ ದಾಖಲೆ. "ಈಗ ಭಾಳ ಸಸಾರ ಆಗ್ಯಾದ್ರಿ ಕನ್ನಡ. ಎಲ್ಲಾ ಮಿಶಿನ್ನಿಗೂ ಒಂದೇ ಅಕ್ಷರ. ನಮ್ಮ ಹಂಗ ಒದ್ದಾಡೋದಿಲ್ಲ," ಎಂದು ನಕ್ಕ. ಹೌದು, ಎಂಟು ತಿಂಗಳ ಆ ಕೆಲಸಕ್ಕೆ ಎಂಟು ವರ್ಷದ ಆಯುಷ್ಯವೂ ಇರಲಿಲ್ಲ. ಹಳೆಯ ಪಟ್ಟಿಯನ್ನು ಹೊಸ ಲಿಪಿಗೆ ತರುವಾಗ ಒಮ್ಮೆ ಬೇಕಾಯಿತು, ಅಷ್ಟೆ.

ರಾಜರತ್ನ ಬೆಳ್ಳಿಹಬ್ಬದ ಸುದ್ದಿ ಹೇಳಿದ.

"ಇಪ್ಪತ್ತೈದು ಆಯ್ತೇನ್ರಿ," ಎಂದ ಜಟ್ಟೆಪ್ಪ. "ಸಂಘ ಈಗ ಏನ್ ಮಾಡ್ಲಿಕತ್ತದ್ರಿ?"

"ವರ್ಷಕ್ಕೊಂದು ಸಮ್ಮೇಳನ. ತರಬೇತಿ. ಸರ್ಟಿಫಿಕೇಟು ಕೊಡ್ತೀವಿ, ಪ್ರಮೋಶನ್ನಿಗಿ ಬರ್ತದ."

"ಮತ್ತ ಆ ಪಟ್ಟಿ?"

"ಸರ್ವರು ನಿಂತು ಒಂಬತ್ತು ವರ್ಷ ಆಯ್ತು. ಮತ್ತ ಯಾರೂ ಹಚ್ಚಲಿಲ್ಲ."

"ಹಂಗಾದ್ರ ಚಿಂಚೋಳಿಯಾಗ ಯಾರರೆ ಬುಕ್ಕು ಕೇಳಿದ್ರ?"

ಯಾರೂ ಕೇಳುವುದಿಲ್ಲ ಎನ್ನಬಹುದಿತ್ತು. ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ ಎನ್ನಬಹುದಿತ್ತು. ಅದನ್ನು ಹೇಳಲು ಈ ಮನೆಗೆ ಬರಬೇಕಿತ್ತೇ? ಮಾಣಿಕಮ್ಮ ಚಹಾ ತಂದಿಟ್ಟಳು. ಲೋಟ ಕೈಯಲ್ಲಿ ಹಿಡಿದಾಗ ಬಾಯಿಂದ ತಾನಾಗಿ ಬಂತು: "ಅವತ್ತು ಚಾ ತರಲಿಕ್ಕಿ ಹೋದಾಗ ನಾ ನಾಕನೇ ಕಲಮು ಓದ್ದೆ."

"ಗೊತ್ತದ್ರಿ," ಎಂದ ಜಟ್ಟೆಪ್ಪ. "ಮುಂದ ನೀವು ಛಾಪಿಸಿದ್ದ ನಿಯಮಾವಳಿ ಕೈಗಿ ಬಂತು. ಓದೀನಿ. ಡಿಗ್ರಿ ಬೇಕಂದ್ರ ಬೇಕು, ಅದೇನು ತಪ್ಪಲ್ಲ. ಮುಖಕ್ಕ ಹೇಳಿದ್ರ ಮುಗೀತಿತ್ತು." ಸ್ವಲ್ಪ ತಡೆದು, ಮೊರದ ಕಡೆ ನೋಡುತ್ತಾ, "ನಾ ನಾಕು ತಿಂಗಳ ಬಂದೀನ್ರಿ ವಾಡಿಗಿ. ಮೂರನೇ ಸಲ ನೀವು ಗಾಡಿಯಾಗ ಇದ್ರಿ," ಎಂದ.

ರಾಜರತ್ನ ಲೋಟವನ್ನು ನೆಲಕ್ಕಿಟ್ಟ.

"ಕಿಟಕಿಯಾಗ ಕಂಡ್ರಿ. ಆಮ್ಯಾಲ ಸರದ್ರಿ. ನನ್ನ ನೋಡಿಲ್ಲೇನೋ, ಈಗ ನೋಡ್ತಾರ, ಕರೀತಾರ ಅಂತ ಕುಂತೆ. ಗಾಡಿ ಭಾಳೊತ್ತು ನಿಂತಿತ್ತಲ್ಲರಿ ಅವತ್ತು."

"ನೋಡಿದ್ದೆ," ಎಂದ ರಾಜರತ್ನ.

"ಹೂಂ."

"ಇಸ್ತ್ರಿ ಮಾಡ್ಸಿ ಹಾಕ್ಕೊಂಡು ಹೋಗೋರ್ರಿ," ಎಂದಳು ಮಾಣಿಕಮ್ಮ ಬೇಳೆಯಿಂದ ಕಣ್ಣೆತ್ತದೆ. "ನಾಕನೇ ತಿಂಗಳ ಹೋಗಬ್ಯಾಡ್ರಿ ಅಂದೆ. ಗಾಡಿ ತಡ ಆಗಿರ್ತಾವ ಅಂದ್ರು." ಅಷ್ಟು ಹೇಳಿ ಅವಳು ಮೊರವನ್ನು ಒಮ್ಮೆ ಝಾಡಿಸಿದಳು. ಹೊರಗೆ ಒಂದು ಫರಸಿ ತುಂಬಿದ ಲಾರಿ ಹೋಗಿ ಮನೆಯೆಲ್ಲ ಅದುರಿತು. ರಾಜರತ್ನ, ತಪ್ಪಾಯಿತು ಎಂದ. ಅದು ಅವನ ಕಿವಿಗೇ ರಜೆ ಅರ್ಜಿಯ ಕೊನೆಯ ಸಾಲಿನ ಹಾಗೆ ಕೇಳಿಸಿತು. ಜಟ್ಟೆಪ್ಪ, "ಇರ್ಲಿ ಬಿಡ್ರಿ," ಎಂದ. ಇರಲಿ ಅಂದನೋ, ಬಿಡು ಅಂದನೋ ತಿಳಿಯಲಿಲ್ಲ. ಎಲ್ಲವನ್ನೂ ಬರೆಯುತ್ತೇನೆ, ಸಂಚಿಕೆ ಬಂದ ದಿನ ನಾನೇ ತಂದುಕೊಡುತ್ತೇನೆ ಎಂದು ರಾಜರತ್ನ ಬಾಗಿಲಲ್ಲಿ ನಿಂತು ಹೇಳಿದ. ಹೇಳಬಾರದಿತ್ತೇನೋ. ಜಟ್ಟೆಪ್ಪನ ಮುಖದಲ್ಲಿ ಒಂದು ಬೆಳಕು ಬಂದು, ಬಂದದ್ದನ್ನು ಮರೆಮಾಡಲು ಅವನು ಬಗ್ಗಿ ಚಪ್ಪಲಿ ಸರಿಪಡಿಸಿಕೊಂಡ.

ಅವನು ಬರೆದ. ಮೂರು ಮಧ್ಯಾಹ್ನ, ಗ್ರಂಥಾಲಯದಲ್ಲಿ ಆ ಹುಡುಗಿಯರ ಎದುರಿಗೆ ಕೂತು. ಯಾರು ಅಕ್ಷರಗಳ ಮನೆ ಹುಡುಕಿದರು ಎಂದು ಬರೆದ. ಉದ್ದೇಶದ ಪುಟದಲ್ಲಿ ಚಿಂಚೋಳಿಯ ಮಾತನ್ನು ಆಡಿದ ಹಾಗೆಯೇ ಹಾಕಿದ. ಚಹಾ ಬರೆದ. ಕಿಟಕಿಯ ಬಳಿ ಬಂದಾಗ ಒಂದು ಮಧ್ಯಾಹ್ನ ಪೂರ್ತಿ ನಿಂತ. 'ಸಂಘದ ಒಬ್ಬ ಸದಸ್ಯರು' ಎಂದು ಬರೆದು, ಹೊಡೆದು, 'ನಾನು' ಎಂದು ಬರೆದ. ಮೂರೂವರೆ ಪುಟವಾಯಿತು. ಕಳಿಸಿದ ಮೇಲೆ ಎರಡು ದಿನ ಅವನಿಗೆ ಹಸಿವಾಯಿತು, ನಿದ್ದೆ ಬಂತು, ದ್ರೌಪದಿಯ ಜೊತೆ ಸಂತೆಗೆ ಹೋಗಿ ಬಂದ. ಮೂರನೇ ದಿನ ಅಜಯಕುಮಾರನ ಫೋನು.

"ಭಾಳ ಚಂದ ಬರ್ದೀರಿ ಸರ್. ನನಗ ಓದಿ ಹೆಂಗೋ ಆಯ್ತು, ಖರೇನೆ ಹೇಳ್ತೀನಿ. ಆದ್ರ ಕಮಿಟಿಯಾಗ ಓದಿದ್ರ ಗುರುಲಿಂಗಯ್ಯ ಸರ್ ಒಂದು ಮಾತಂದ್ರು. ಹಬ್ಬದ ಸಂಚಿಕಿ, ನಿಯಮಾವಳಿ ವಿಷಯ ಯಾಕ ಅಂದ್ರು. ಹೊಸಬರಿಗಿ ತಪ್ಪು ತಿಳುವಳಿಕಿ ಆಗ್ತದ ಅಂತ."

"ಮತ್ತ?"

"ಜಾಗಾನೂ ಇಲ್ರಿ ಸರ್, ಎರಡೇ ಪುಟ. ಜರಾ ಸಣ್ಣ ಮಾಡಿ ಹಾಕ್ತೀವಿ. ನಿಮ್ಮ ಮನಸಿಗಿ ಬ್ಯಾಸರ ಆಗಬಾರ್ದು."

ಬೇಡ, ಹಾಕುವುದಾದರೆ ಪೂರ್ತಿ ಹಾಕಿ, ಇಲ್ಲದಿದ್ದರೆ ನನ್ನ ಹೆಸರು ಬೇಡ ಎಂಬ ಮಾತು ಅವನ ನಾಲಗೆಯ ಮೇಲೆ ಸಿದ್ಧವಾಗಿಯೇ ಇತ್ತು. ಆ ಕಡೆ ಅಜಯಕುಮಾರ ಕಾಯುತ್ತಿದ್ದ. ಪಾಪ, ಅವನೂ ಆ ಮಾತು ಬರಲಿ ಎಂದೇ ಕಾಯುತ್ತಿದ್ದನೇನೋ. "ಆಯ್ತು, ನೋಡಿ ಮಾಡ್ರಿ," ಎಂದ ರಾಜರತ್ನ. ಫೋನು ಇಟ್ಟ ಮೇಲೆ ಅವನಿಗೆ ಅನ್ನಿಸಿದ್ದು ದುಃಖವಲ್ಲ, ಹಳೆಯ ಕುರ್ಚಿಗೆ ಮರಳಿ ಬಂದು ಕೂತಂಥ ಒಂದು ಆಯಾಸದ ನೆಮ್ಮದಿ. ಸಣ್ಣ ಮಾಡುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಕಾರ್ಯದರ್ಶಿಯಾಗಿ ಆ ಸಂಘದ ಠರಾವುಗಳನ್ನು ಸಣ್ಣ ಮಾಡಿದವನು ಅವನೇ.

ಸೇಡಂನ ಸಭಾಭವನದಲ್ಲಿ ಬೆಳ್ಳಿಹಬ್ಬ ಚೆನ್ನಾಗಿಯೇ ಆಯಿತು. ಮುನ್ನೂರು ಜನ ಇದ್ದರು. ಕಾಳಗಿಯಿಂದ, ಆಡಕಿಯಿಂದ ಹೊಸ ಗ್ರಂಥಪಾಲಕಿಯರು ಬಂದಿದ್ದರು, ಎಲ್ಲರ ಕೊರಳಲ್ಲೂ ಹೆಸರಿನ ಬಿಲ್ಲೆ. ಗುರುಲಿಂಗಯ್ಯನವರನ್ನು ಇಬ್ಬರು ಹಿಡಿದು ವೇದಿಕೆಗೆ ತಂದರು. ಅವರಿಗೆ ಎಂಬತ್ತಾಗಿತ್ತು, ಕೈ ನಡುಗುತ್ತಿತ್ತು, ರಾಜರತ್ನನನ್ನು ಕಂಡು ಪ್ರೀತಿಯಿಂದ ಬೆನ್ನು ತಟ್ಟಿದರು. ಅವರನ್ನು ದ್ವೇಷಿಸಲೂ ಆಗಲಿಲ್ಲ. ಸಂಚಿಕೆ ಬಿಡುಗಡೆಯಾಗಿ ಕೈಗೆ ಬಂದಾಗ ಅವನು ಐದನೇ ಪುಟ ತೆರೆದ. ತನ್ನ ಫೋಟೋ ಇತ್ತು, ಕೆಳಗೆ ಹೆಸರಿತ್ತು, ನಡುವಿನ ಬರಹ ಅವನು ಬರೆದದ್ದಲ್ಲ. ಸಂಘ ೨೦೧೦ರಲ್ಲಿ ಹಂಚಿದ್ದ ಕರಪತ್ರದ್ದು. ಅವನದನ್ನು ಸಣ್ಣ ಸಹ ಮಾಡಿರಲಿಲ್ಲ. ಸ್ಥಾಪನೆಯಾಯಿತು, ರೂಪುಗೊಂಡಿತು, ಹೆಮ್ಮರವಾಯಿತು. ಓದುತ್ತಿರುವಾಗಲೇ ಅವನ ಹೆಸರು ಕರೆದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಎರಡು ಮಾತಾಡಿ ಎಂದು ಮೈಕು ಮುಂದಕ್ಕೆ ತಂದರು. ಅಂಗಿಯ ಜೇಬಿನಲ್ಲಿ ತಾನು ಬರೆದದ್ದರ ಪ್ರತಿ ಮಡಚಿಕೊಂಡು ಕೂತಿತ್ತು, ಶಾಲಿನ ಕೆಳಗೆ. ಮುಂದಿನ ಸಾಲಿನಲ್ಲಿ ಸುಮಂಗಲಾ ಇದ್ದಳು, ಕನ್ನಡಕ ಒರೆಸುತ್ತಿದ್ದಳು. ಊಟದ ಹೊತ್ತಾಗಿತ್ತು, ಹಿಂದಿನಿಂದ ಪುಂಡಿಪಲ್ಲೆಯ ವಾಸನೆ ಬರುತ್ತಿತ್ತು, ಕೆಲವರು ಆಗಲೇ ಎದ್ದಿದ್ದರು. ಕೈ ಜೇಬಿನವರೆಗೆ ಹೋಯಿತು. ಶಾಲು ಜಾರಿತು. ಅದನ್ನು ಸರಿ ಮಾಡಿಕೊಂಡು ಅವನು, ಎಲ್ಲರಿಗೂ ನಾನು ಋಣಿ ಎಂದ. ಚಪ್ಪಾಳೆಯಾಯಿತು. ಊಟದ ಸಾಲಿನಲ್ಲಿ ಕಾಳಗಿಯ ಹುಡುಗಿಯೊಬ್ಬಳು, "ಸರ್, ಆ ಅಕ್ಷರಪಟ್ಟಿ ನೀವೇ ಮಾಡಿದ್ದಂತಲ್ರಿ?" ಎಂದಳು ಗೌರವದಿಂದ. "ಎಲ್ಲಾರೂ ಕೂಡಿ ಮಾಡಿದ್ದಮ್ಮಾ," ಎಂದ. ಎಂಥ ಸಜ್ಜನರು ಎಂಬಂತೆ ಅವಳು ತಲೆಬಾಗಿದಳು. ಅವನಿಗೆ ಅಲ್ಲಿಯೇ ತಟ್ಟೆ ಇಟ್ಟು ಕೈತೊಳೆಯಬೇಕೆನಿಸಿತು.

ಮಧ್ಯಾಹ್ನದ ಗಾಡಿಗೆ ಹೊರಟ. ಚಿತ್ತಾಪುರ ಬಂದಾಗ ಇಳಿಯಲು ಎದ್ದು, ಬಾಗಿಲವರೆಗೆ ಹೋಗಿ, ಇಳಿಯಲಿಲ್ಲ. ನಾನೇ ತಂದುಕೊಡುತ್ತೇನೆ ಎಂದಿದ್ದೆನಲ್ಲ. ಶಾಲು ಮಡಚಿ ಚೀಲಕ್ಕೆ ತುರುಕಿದ. ಹಣ್ಣಿನ ಬುಟ್ಟಿಯನ್ನು ಪಕ್ಕದಲ್ಲಿ ಕೂತ ಬಾಣಂತಿಯ ಮಡಿಲಿಗೆ ಕೊಟ್ಟ. ಶಹಾಬಾದಿನಲ್ಲಿ ಬಿಸಿಲು ಇಳಿದಿತ್ತು. ಜಟ್ಟೆಪ್ಪ ಕಟ್ಟೆಯ ಮೇಲೆ ಕೂತಿದ್ದ, ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ಹಿಂದಿನ ವಾರ ನೇತ್ರ ಶಿಬಿರದಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದನಂತೆ. ಇನ್ನೊಂದು ಕಣ್ಣಿನಲ್ಲಿ ಪೊರೆ ಇನ್ನೂ ಇತ್ತು. ತಿಂಗಳು ಓದಬಾರದು, ಟೈಪು ಮಾಡಬಾರದು. ಹೆಜ್ಜೆಯ ಸಪ್ಪಳಕ್ಕೆ ಮುಖ ತಿರುಗಿಸಿ, "ವಾಡಿ ಸರ್ ಬಂದ್ರೇನ?" ಎಂದ. ಮಾಣಿಕಮ್ಮ ಕುರ್ಚಿ ತಂದಳು. ರಾಜರತ್ನ ಕುರ್ಚಿ ಬಿಟ್ಟು ಕಟ್ಟೆಯ ಮೇಲೆಯೇ ಕೂತ.

ಜಟ್ಟೆಪ್ಪ ಸಂಚಿಕೆಯನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದ, ರಟ್ಟಿನ ನುಣುಪಿನ ಮೇಲೆ ಹೆಬ್ಬೆರಳು ಆಡಿಸಿದ, ಮೂಗಿಗೆ ಹಿಡಿದ. "ಹೊಸ ಶಾಯಿ," ಎಂದ. ಆಮೇಲೆ ಹಿಂದಕ್ಕೆ ಕೊಟ್ಟು, "ಇತಿಹಾಸ ಓದ್ರಿ. ಬಾಕಿದು ಬ್ಯಾಡ," ಎಂದ.

ರಾಜರತ್ನ ಐದನೇ ಪುಟ ತೆರೆದ. ಮೊದಲ ಸಾಲು ಕಣ್ಣಿಗೆ ಬಿತ್ತು, ಬಾಯಿಗೆ ಬರಲಿಲ್ಲ. ಜೇಬಿನಿಂದ ಮಡಚಿದ ಹಾಳೆ ತೆಗೆದು ಸಪ್ಪಳವಾಗದಂತೆ ಆ ಪುಟದ ಮೇಲೆ ಬಿಡಿಸಿಟ್ಟು ಓದತೊಡಗಿದ. ಬೇವಿನ ಗಿಡದಿಂದ ಶುರುವಾಗಿ, ಜರಿಯ ಬಟ್ಟೆ, ಫ್ಲಾಪಿ, ಐದು ಕಾಲಮಿನ ನೋಟ್‌ಬುಕ್ಕು. ಜಟ್ಟೆಪ್ಪ ತನ್ನ ಹೆಸರು ಬಂದಾಗ ಅಲುಗಾಡದೆ ಕೂತ. ಅರ್ಕಾವತ್ತಿನ ವಿಷಯ ಬಂದಾಗ ಮಾತ್ರ, "ಹೌದ್ರಿ, ಭಾಳ ಕಾಡ್ತು," ಎಂದು ಮೆಲ್ಲಗೆ ಅಂದ. ಚಿಂಚೋಳಿಯ ಮಾತು ಬಂತು, ಅವನದೇ ಮಾತು, ಅವನದೇ ಧಾಟಿಯಲ್ಲಿ. ಮಾಣಿಕಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಚಹಾದ ಸಂಗತಿ ಬಂತು. ಕಿಟಕಿ ಬಂತು. 'ನಾನು ಮುಖ ಮರೆಸಿಕೊಂಡೆ' ಎಂದು ಓದುವಾಗ ರಾಜರತ್ನನ ದನಿ ತೆಳ್ಳಗಾಯಿತು. ಓದಿ ಮುಗಿಸಿದ. ಅವನಿಗೆ ಬಹಳ ವರ್ಷಗಳ ಮೇಲೆ ಎದೆ ಹಗುರವಾಗಿತ್ತು. ಇಷ್ಟೇ ತಾನೇ ಬೇಕಾದದ್ದು, ಕೇಳಬೇಕಾದವನು ಕೇಳಿದ, ಕಾಗದದಲ್ಲಿದ್ದರೇನು ಎಲ್ಲಿದ್ದರೇನು ಎಂದು ಒಂದು ಮನಸ್ಸು ಆಗಲೇ ಹೇಳತೊಡಗಿತ್ತು.

"ಇದೆಲ್ಲಾ ಛಾಪಿಸ್ಯಾರೇನ್ರಿ?" ಎಂದಳು ಮಾಣಿಕಮ್ಮ.

"ಛಾಪಿಸ್ದೆ ಹೆಂಗ ಓದ್ತಾರ?" ಎಂದ ಜಟ್ಟೆಪ್ಪ. ಆಮೇಲೆ ರಾಜರತ್ನನ ಕಡೆ ತಿರುಗಿ, "ಎಷ್ಟನೇ ಪುಟದಾಗ ಅದ್ರಿ ಇದು?"

"ಐದು."

"ಅಣವೀರ ಸಂಜಿಗಿ ಡ್ಯೂಟಿ ಮುಗಿಸ್ಕೊಂಡು ಬರ್ತಾನ, ನಮ್ಮ ಮಗ. ಅಪ್ಪ ವಾಡಿಗಿ ಯಾಕ ಹೋಗ್ತಿದ್ದ ಅಂತ ಅವನಿಗಿ ಗೊತ್ತಿಲ್ಲ. ಅವನ ಕಡೆಯಿಂದ ಇನ್ನೊಂದು ಸಲ ಓದಿಸ್ತೀನಿ. ಆ ಪುಟದ ಮೂಲಿ ಜರಾ ಮಡಚಿ ಕೊಡ್ರಿ." ಎಂದು ಕೈ ಚಾಚಿದ.

ಆ ಕೈಯನ್ನು ರಾಜರತ್ನ ನೋಡಿದ. ಉಗುರಿನ ಸುತ್ತ ಝೆರಾಕ್ಸ್ ಯಂತ್ರದ ಕಪ್ಪು. ಮಡಚಿದ ಹಾಳೆಯನ್ನು ಒಳಗೇ ಬಿಟ್ಟು ಕೊಟ್ಟರೆ ಸಂಜೆಗೆ ಅಣವೀರ ಅದನ್ನು ಎತ್ತಿ ಬದಿಗಿಟ್ಟು ಪುಟ ಓದುತ್ತಾನೆ. ಹಾಳೆ ತೆಗೆದು ಕೊಟ್ಟರೂ ಅದೇ ಪುಟ. ಅಷ್ಟರಲ್ಲಿ ತಾನು ಮನೆ ಸೇರಿರುತ್ತೇನೆ. ಅವನು ಹಾಳೆಯನ್ನು ಎತ್ತಿದ.

"ಜಟ್ಟೆಪ್ಪನವರ, ನಾ ಓದಿದ್ದು ಇದರಾಗ ಇಲ್ಲ. ನಾ ಬರ್ದು ಕೊಟ್ಟಿದ್ದೆ. ಅವರು ಛಾಪಿಸಲಿಲ್ಲ. ನಾ ಜಗಳ ಮಾಡ್ಲಿಲ್ಲ. ಇವತ್ತು ಮೈಕ್ ಕೊಟ್ರು, ಅಲ್ಲೂ ಹೇಳ್ಲಿಲ್ಲ."

ಚಾಚಿದ ಕೈ ಹಾಗೇ ಸ್ವಲ್ಪ ಹೊತ್ತು ಇದ್ದು ಮೊಣಕಾಲಿನ ಮೇಲೆ ಇಳಿಯಿತು. ಕಪ್ಪು ಕನ್ನಡಕದ ಹಿಂದೆ ಏನಿದೆಯೆಂದು ಕಾಣುವಂತಿರಲಿಲ್ಲ. ಮಾಣಿಕಮ್ಮ ಒಳಗೆ ಹೋದಳು, ಪಾತ್ರೆ ಸರಿಸಿದ ಸಪ್ಪಳವಾಯಿತು. ಎದ್ದು ಹೋಗಿ ಎನ್ನುತ್ತಾನೆ ಎಂದು ರಾಜರತ್ನ ಕಾದ. ಹಾಗೆ ಅಂದರೆ ಎಷ್ಟು ಚೆನ್ನಾಗಿತ್ತು.

"ಮತ್ತ ಐದನೇ ಪುಟದಾಗ ಏನದ?" ಎಂದ ಜಟ್ಟೆಪ್ಪ.

"ಬ್ಯಾರೆ ಅದ."

"ಅದು ಓದ್ರಿ."

"ಅದರಾಗ ನಿಮ್ಮ ಹೆಸರಿಲ್ಲ."

"ಛಾಪಿಸಿದ್ದು ಅದೇ ಅಲ್ಲೇನ್ರಿ. ಅದು ಓದ್ರಿ."

ರಾಜರತ್ನ ಕೈಬರಹದ ಹಾಳೆಯನ್ನು ಇಬ್ಬರ ನಡುವೆ ಕಲ್ಲಿನ ಮೇಲಿಟ್ಟ. ಸಂಚಿಕೆಯನ್ನು ಬೆಳಕಿಗೆ ಹಿಡಿದ. 'ಕಾಗಿಣಾ ಗ್ರಂಥಾಲಯ ತಂತ್ರಜ್ಞಾನ ಸಂಘವು ೨೦೦೧ನೇ ಇಸವಿಯಲ್ಲಿ ಶ್ರೀ ರಾಜರತ್ನ ಅವರ ದೂರದೃಷ್ಟಿಯಿಂದ,' ಎಂದು ಓದಿ ನಿಲ್ಲಿಸಿದ.

"ಜರಾ ಜೋರಾಗಿ ಓದ್ರಿ," ಎಂದ ಜಟ್ಟೆಪ್ಪ. "ಆಕಿಗೂ ಕೇಳಲಿ."

ಅವನು ಮೊದಲಿನಿಂದ ಶುರುಮಾಡಿದ. ದನಿ ಏರಿಸಿ, ಒಂದು ಶಬ್ದವನ್ನೂ ಬಿಡದೆ, ಎರಡೂ ಪುಟ ಓದಿದ. ಕೊನೆಯ ಸಾಲಿನ ಕೆಳಗೆ ಬರೆದವನೆಂದು ದಪ್ಪಕ್ಷರದಲ್ಲಿದ್ದ ತನ್ನ ಹೆಸರನ್ನೂ ಓದಿದ.